ಮಾವನ ಸಿಟ್ಟು ಮತ್ತು ಮೀನಿಲ್ಲದ ಊಟ

ನನ್ನ ಸೋದರಮಾವನಷ್ಟು ಕಟ್ಟುನಿಟ್ಟಿನ ಸಸ್ಯಾಹಾರಿ ಇಡೀ ಮಂಗಳೂರಿನಲ್ಲಿ ಸಿಗಲಿಕ್ಕಿಲ್ಲ. ಆದರೆ ಸಿಟ್ಟು ಬಂದಾಗ ಮಾತ್ರ! ತಲೆತಲಾಂತರದಿಂದ ಕಡಲನ್ನೇ ನಂಬಿದ ಮನೆ ನಮ್ಮದು. ಮಾವನಂತೂ ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಏಲಂ ಕೂಗುವವರು. ಅಂಥವರು ಬಟ್ಟಲು ದೂಡಿ "ನನಗೆ ಮೀನು ಬೇಡ" ಎಂದರೆ ಮನೆಗೆ ಸೂತಕದ ಕಳೆ. ಬೇರೆಯವರು ಸಿಟ್ಟು ಬಂದರೆ ಕೂಗಾಡುತ್ತಾರೆ, ಬಾಗಿಲು ಬಡಿಯುತ್ತಾರೆ. ಮಾವ ಅದನ್ನೆಲ್ಲ ಮಾಡಿ ಮುಗಿಸಿ, ಆಮೇಲೆ ಮೀನನ್ನೂ ಬಿಡುತ್ತಾರೆ.

ಕಾರಣ ಇಂಥದ್ದೇ ಆಗಬೇಕೆಂದಿಲ್ಲ. ಒಮ್ಮೆ ಫ್ಯಾನು ಕಿರುಗುಟ್ಟಿತೆಂದು ಬಂಗುಡೆ ಮೀನು ಬಿಟ್ಟರು. ಫ್ಯಾನಿಗೂ ಬಂಗುಡೆಗೂ ಏನು ಸಂಬಂಧ? ಕೇಳುವ ಧೈರ್ಯ ಯಾರಿಗಿದೆ! ಅತ್ತೆ ಪಾಪ ಹರಿವೆ ಪಲ್ಯ ಮಾಡಿ ಬಡಿಸಿದರು. "ನಾನೆಂತ ಆಡಾ, ಸೊಪ್ಪು ತಿನ್ಲಿಕ್ಕೆ?" ಎಂದು ಅದಕ್ಕೂ ಸಿಟ್ಟು.

ಬಿಪಿ ನೋಡಿಸಲಿಕ್ಕೆಂದು ಸುಳ್ಳು ಹೇಳಿ, ನಾನೇ ಅವರನ್ನು ಕೊಟ್ಟಾರದಲ್ಲಿರುವ ಆಪ್ತಸಲಹೆಗಾರ್ತಿಯೊಬ್ಬರ ಬಳಿ ಕರೆದುಕೊಂಡು ಹೋದೆ. ಆಕೆ ನಯವಾಗಿ ಹೇಳಿದರು: "ಸಿಟ್ಟು ಬಂದಾಗ ಒಂದರಿಂದ ಹತ್ತರವರೆಗೆ ಎಣಿಸಿ ಅಂಕಲ್. ಈಗ ಒಮ್ಮೆ ಎಣಿಸಿ ನೋಡುವ." ಏಲಂ ಕೂಗುವವರಿಗೆ ಎಣಿಸಲು ಹೇಳುವುದುಂಟೇ? ಒಂದು ಎನ್ನುವಾಗ ಸ್ವರ ಕೋಣೆಯೊಳಗಿತ್ತು. ಐದಕ್ಕೆ ಹೊರಗೆ ಕುಳಿತವರು ಎದ್ದು ನಿಂತರು. ಹತ್ತಕ್ಕೆ ಕೆಳಗಿನಿಂದ ವಾಚ್‌ಮನ್ ಓಡಿ ಬಂದ! "ಹೀಗೆ ಎಣಿಸಿದ್ರೆ ಇಲ್ಲದ ಸಿಟ್ಟೂ ಬರ್ತದೆ ಮಾರಾಯ್ತಿ," ಎಂದು ಮಾವ ನನ್ನನ್ನೇ ಬೈದರು.

ನಗುವಷ್ಟು ದಿನ ನಕ್ಕೆವು. ಈ ಸಲ ಮಳೆಗಾಲ ಕಳೆದು ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ, ಮನೆಯಿಂದಲೇ ಸುರತ್ಕಲ್ಲಿಗೆ ಕೆಲಸಕ್ಕೆ ಹೋಗಿಬರುತ್ತಿದ್ದ ಅವರ ಒಬ್ಬನೇ ಮಗ ಬಾಯಿ ತೆರೆದ. "ಬಿಪಿ ಉಂಟಲ್ಲ ಅಪ್ಪ, ದಕ್ಕೆ ಸಾಕು. ಇನ್ನು ಮನೆಯಲ್ಲಿ ಕೂತ್ಕೊಳ್ಳಿ."

ಅಷ್ಟೇ! "ನನಗೆ ಬುದ್ಧಿ ಹೇಳುವವ ಈ ಮನೆಯ ಮೆಟ್ಟಿಲು ಹತ್ತುವುದು ಬೇಡ," ಎಂದು ಮಾವ ಗುಡುಗಿದರು. ಅವನೂ ಅವರದೇ ಮಗನಲ್ಲವೇ? ಹೆಂಡತಿ, ಮಗುವನ್ನು ಕರೆದುಕೊಂಡು ಸುರತ್ಕಲ್ಲಿನಲ್ಲೇ ಮನೆ ಮಾಡಿದ. ಅಂದಿನಿಂದ ಮಾವ ಮೀನು ಮುಟ್ಟಿಲ್ಲ. ಅಂಗಿ ಮೈಮೇಲೆ ಜೋಲುತ್ತಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? "ಇಬ್ಬರೂ ಸೋಲುವವರಲ್ಲ," ಎಂದರು ಅತ್ತೆ, ಒಲೆಯ ಮುಂದೆ ನಿಂತು. "ನಾನು ಸತ್ತರೆ ಒಟ್ಟಿಗೆ ಕೂರ್ತಾರೋ ಏನೋ." ಈ ಮನೆ ಇನ್ನು ಒಂದಾಗುವುದಿಲ್ಲವೆಂದೇ ನನಗೆ ಅನಿಸಿಬಿಟ್ಟಿತು.

ಆದರೂ ಹೋದ ಭಾನುವಾರ ಮಾವನೆದುರು ಹೋಗಿ ಕುಳಿತೆ. "ಅವನಿಗೆ ಒಂದು ಫೋನ್ ಮಾಡಿ ಮಾವ."

ಗುಡುಗು ಬರುತ್ತದೆಂದು ಕಾದೆ. ಬರಲಿಲ್ಲ.

"ಮಾಡಿ ಎಂತ ಹೇಳುವುದು?" ಎಂದರು. "ಬೈಯದೆ ಮಾತಾಡ್ಲಿಕ್ಕೆ ನನಗೆ ಬರುವುದಿಲ್ಲ ಮಾರಾಯ್ತಿ. ಸಣ್ಣದಿರುವಾಗ ನನ್ನ ಹತ್ತಿರ ಯಾರೂ ಹಾಗೆ ಮಾತಾಡಿದ್ದೇ ಇಲ್ಲ."

ಇಷ್ಟು ವರ್ಷ ನಾವು ಹೆದರಿದ್ದು ಈ ಮನುಷ್ಯನಿಗೇ? "ಊಟ ಆಯ್ತಾ ಅಂತ ಕೇಳಿ. ಅಷ್ಟು ಸಾಕು," ಎಂದೆ.

ಮಾವ ತುಟಿಯಲ್ಲೇ ಎರಡು ಸಲ ಹೇಳಿ ನೋಡಿಕೊಂಡರು. ಯಾವಾಗಿನಂತೆ ಸ್ಪೀಕರ್ ಹಾಕಿ ಮಗನ ನಂಬರು ಒತ್ತಿದರು. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಆ ಕಡೆ ಫೋನ್ ಎತ್ತಿದ ಸದ್ದಾಯಿತು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಮಾವ ಕೇಳಿದರು: "ಮಗಾ... ಊಟ ಆಯ್ತಾ?"

ಆ ಕಡೆಯಿಂದ ಮಗನ ಗಾಬರಿಬಿದ್ದ ಸ್ವರ. "ಹಲೋ, ಯಾರು ಮಾತಾಡುವುದು? ಇದು ಅಪ್ಪನ ಫೋನ್ ಅಲ್ವಾ? ಅಪ್ಪನಿಗೆ ಎಂತ ಆಯ್ತು?"

ಮಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದರು. ಆ ಕಡೆಯಿಂದ ಮಗ "ಅಪ್ಪಾ! ಅಪ್ಪಾ!" ಎಂದು ಕೂಗುತ್ತಲೇ ಇದ್ದ.