ತವರುಮನೆ, ಗಂಡನಮನೆ ಮತ್ತು ಕಚ್ಚಾ ಫೋಟೋಗಳು

ಇದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ಮಾವ. ಅವರು ನನ್ನ ತಾಯಿಯ ಅಣ್ಣ. ನನ್ನ ಮದುವೆಯಾದ ಮೇಲೆ ಗಂಡನ ತಂದೆಯೂ ಅವರೇ. ಹೀಗಾಗಿ ನನ್ನ ಮೇಲೆ ನಂಬಿಕೆ ಇಡದಿರಲು ಅವರಿಗೆ ಎರಡೂ ಕಡೆಯಿಂದ ಹಕ್ಕಿತ್ತು.

"ನಿನ್ನ ತವರುಮನ್ಯಾಗ ಯಾರೂ ಡಿಗ್ರಿ ಮುಗಿಸಿಲ್ಲ. ನಮ್ಮ ಮನ್ಯಾಗೂ ಮುಗಿಸಿಲ್ಲ. ನೀ ಬಿ.ಎ. ಆಗೂದು ಆಗದ ಮಾತು, ಕಸ್ತೂರಿ," ಎಂದು ತುಕ್ಕಾನಟ್ಟಿಯ ಬಸ್ ನಿಲ್ದಾಣದಲ್ಲಿ ನಿಂತು ಹೇಳುತ್ತಿದ್ದರು. ಬಸ್ ನಿಲ್ದಾಣದಲ್ಲೇ ಯಾಕೆಂದರೆ, ಗೋಕಾಕದ ಕಾಲೇಜಿಗೆ ಹೊರಟ ನನ್ನನ್ನು ದಿನಾ ಗಾಡಿಯ ಮೇಲೆ ಅಲ್ಲಿಗೆ ಬಿಡುತ್ತಿದ್ದವರೂ ಅವರೇ. ಬಸ್ ತಡವಾದರೆ ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತಿದ್ದರು.

ರೊಟ್ಟಿ ಬಡಿದಿಟ್ಟು, ಎಮ್ಮೆಗೆ ಮೇವು ಹಾಕಿ, ಕೈಗೆ ಅಂಟಿದ ಹಿಟ್ಟು ಆರುವ ಮೊದಲೇ ಇತಿಹಾಸದ ನೋಟ್ಸು ಓದಿ, ಇಂಗ್ಲಿಷಿನಲ್ಲಿ ನಪಾಸಾಗಿ, ಮತ್ತೆ ಪರೀಕ್ಷೆ ಕಟ್ಟಿ, ಕೊನೆಗೂ ಪಾಸಾದೆ. ಫಲಿತಾಂಶ ಬಂದ ದಿನ ಮಾವ ಗೋಕಾಕಕ್ಕೆ ಹೋಗಿ ಗಾಜಿನ ಫ್ರೇಮೊಂದನ್ನು ತಂದರು. ಪಡಸಾಲೆಯಲ್ಲಿ ತಮ್ಮ ತಂದೆಯ ಫೋಟೋದ ಪಕ್ಕಕ್ಕೆ ಮೊಳೆ ಹೊಡೆದು, ಖಾಲಿ ಫ್ರೇಮನ್ನೇ ತೂಗುಹಾಕಿದರು. ಸರ್ಟಿಫಿಕೇಟು ಇಸಿದುಕೊಳ್ಳುವ ಫೋಟೋ ಇದರೊಳಗೆ ಬರಬೇಕು ಎಂದರು. ಅಷ್ಟೇ.

ಕಾಲೇಜಿನಲ್ಲಿ ಸರ್ಟಿಫಿಕೇಟು ಕೊಡುವ ಸಮಾರಂಭದ ದಿನವೇ ಕಬ್ಬು ಕಡಿಯುವ ಗ್ಯಾಂಗು ನಮ್ಮ ಹೊಲಕ್ಕೆ ಬಂತು. ಬಂದಾಗ ಯಜಮಾನ ಇಲ್ಲದಿದ್ದರೆ ಗ್ಯಾಂಗು ಮುಂದಿನ ಹೊಲಕ್ಕೆ ಹೋಗುತ್ತದೆ. ಮತ್ತೆ ಎಂದು ಬರುತ್ತದೋ ಯಾರಿಗೂ ಗೊತ್ತಿಲ್ಲ. ಮಾವ ಇಸ್ತ್ರಿ ಮಾಡಿಸಿದ್ದ ಧೋತರವನ್ನು ಮಡಚಿ ಟ್ರಂಕಿಗೆ ವಾಪಸ್ ಹಾಕಿ, ಹಳೆಯದನ್ನು ಉಟ್ಟುಕೊಂಡು ಹೊಲಕ್ಕೆ ಹೋದರು. ಉಳಿದ ಬಂಧುಬಳಗವೆಲ್ಲ ಜೀಪು ತುಂಬಿಕೊಂಡು ಗೋಕಾಕಕ್ಕೆ ಬಂತು. ಆಗದ ಮಾತು ಆಗುವುದನ್ನು ನೋಡಬೇಕಾದ ಒಬ್ಬರೇ ಒಬ್ಬರು ಬರಲಿಲ್ಲ. ಅವರಿಗೆ ಇನ್ನು ಫೋಟೋವೇ ಗತಿ.

ಫೋಟೋ ತೆಗೆದದ್ದು ನನ್ನ ಗಂಡ ಮಹಾದೇವ. ಕ್ಯಾಮೆರಾ ಮಾತ್ರ ಸಂಕೇಶ್ವರದ ಅವರ ಗೆಳೆಯನದು. ಮದುವೆ ಫೋಟೋ ತೆಗೆಯುವ ಆತ ಒಂದು ಎಚ್ಚರಿಕೆ ಹೇಳಿಯೇ ಕೊಟ್ಟಿದ್ದ: ಇದರಲ್ಲಿ ಬೀಳುವುದು ಕಚ್ಚಾ ಫೋಟೋ, ಹಾಗೇ ನೋಡಿದರೆ ಮಂಕಾಗಿ ಕಾಣುತ್ತದೆ, ಕಂಪ್ಯೂಟರಿನಲ್ಲಿ ಬೆಳಕು ಬಣ್ಣ ಸರಿಪಡಿಸಿದ ಮೇಲೆಯೇ ಪ್ರಿಂಟು, ಬೇಕಾದರೆ ನಾನೇ ಮಾಡಿಕೊಡುತ್ತೇನೆ.

ಮಾವನಿಗೆ ಇದು ಕೂಡಲೇ ಅರ್ಥವಾಯಿತು. "ಕಬ್ಬಿನ ಹಾಲು ಇದ್ದಂಗ. ಕುದಿಸಿದ್ರ ಬೆಲ್ಲ. ಕುದಿಸಾಕ ಬರೋವ್ರ ಕೈಯಾಗ ಕೊಡ್ರಿ," ಎಂದರು.

"ಬಿ.ಎ. ಆದಾಕಿಗೆ ಇಷ್ಟು ಬರೂದಿಲ್ಲೇನ್ರಿ ಮಾಮಾ?" ಎಂದೆ ನಾನು. ಆ ದಿನಗಳಲ್ಲಿ ನಾನು ಬಹುತೇಕ ವಾಕ್ಯಗಳನ್ನು 'ಬಿ.ಎ. ಆದಾಕಿ' ಎಂದೇ ಶುರುಮಾಡುತ್ತಿದ್ದೆ. ಮೇಲಾಗಿ ಮೂಡಲಗಿಯಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿದ್ದೆ. ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರಿತ್ತು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿ, ಕಚ್ಚಾ ಫೋಟೋಗಳನ್ನು ತಿದ್ದುವ, ವಿಂಗಡಿಸುವ ಸಾಫ್ಟ್‌ವೇರ್ ಕೂಡ ಪುಕ್ಕಟೆಯಾಗಿಯೇ ಇತ್ತು. ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕ್ಯಾಮೆರಾವನ್ನು ಸಗೌರವವಾಗಿ ಹಿಂದಿರುಗಿಸಿದೆವು.

ಮೊದಲು ಬಣ್ಣ. ಫೋಟೋದಲ್ಲಿ ಬೆಳ್ಳಗಿರುವುದು ಯಾವುದು ಎಂದು ಒತ್ತಿ ತೋರಿಸಿದರೆ ಉಳಿದ ಬಣ್ಣಗಳನ್ನು ತಾನೇ ಸರಿಮಾಡಿಕೊಳ್ಳುವುದಾಗಿ ಸಾಫ್ಟ್‌ವೇರ್ ಹೇಳಿತು. ಮುಖ್ಯ ಅತಿಥಿಗಳ ಗಾಂಧಿ ಟೊಪ್ಪಿಗೆಗಿಂತ ಬೆಳ್ಳಗಿನ ವಸ್ತು ಆ ಸಭೆಯಲ್ಲಿ ಇರಲಿಲ್ಲ. ಒತ್ತಿದೆ. ಆ ಟೊಪ್ಪಿಗೆಗೆ ಅವರ ಮನೆಯವರು ಧಾರಾಳವಾಗಿ ನೀಲಿ ಹಾಕಿ ಒಗೆದಿದ್ದರು ಎಂಬುದು ನನಗಾಗಲಿ ಸಾಫ್ಟ್‌ವೇರಿಗಾಗಲಿ ತಿಳಿದಿರಲಿಲ್ಲ. ಟೊಪ್ಪಿಗೆಯ ನೀಲಿಯನ್ನು ಕಳೆಯಲು ಅದು ಇಡೀ ಸಭೆಗೆ ಹಳದಿ ಬಳಿಯಿತು.

ನನ್ನ ಗಂಡ ಹಿಂದೆ ನಿಂತು ನೋಡಿದರು. "ಕಾಲೇಜಿನ್ಯಾಗ ಅರಿಷಿಣ ಹಚ್ಚಿದ್ದು ನನಗ ನೆನಪಿಲ್ಲಲ್ಲ?" ಎಂದರು.

ಪುಣ್ಯಕ್ಕೆ, ತಿದ್ದುವಾಗ ಕಚ್ಚಾ ಫೋಟೋ ಕೆಡುವುದಿಲ್ಲ. ತಿದ್ದುಪಡಿಯೆಲ್ಲ ಬೇರೆ ಕಡತದಲ್ಲಿ ಕೂರುತ್ತದೆ. ಅರಿಷಿಣ ತೊಳೆದು, ಈ ಸಲ ಗೋಡೆಯ ಸುಣ್ಣವನ್ನು ತೋರಿಸಿದೆ. ಎಲ್ಲರೂ ಮನುಷ್ಯರ ಬಣ್ಣಕ್ಕೆ ಬಂದರು. ಸರ್ಟಿಫಿಕೇಟಿನ ಫೋಟೋ ಅದ್ಭುತವಾಗಿತ್ತು: ಅತಿಥಿಗಳ ಕೈ, ನನ್ನ ಕೈ, ನಡುವೆ ಬಿಳಿ ಕಾಗದ. ಅಂದೇ ಪ್ರಿಂಟಿಗೆ ಕೊಟ್ಟಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ವಿದ್ಯಾವಂತರು ವಿಂಗಡಿಸದೆ ಬಿಡುವುದಿಲ್ಲ.

ಎರಡು ಫೋಲ್ಡರ್ ಮಾಡಿದೆ. ಹುಕ್ಕೇರಿ ಕಡೆಯಿಂದ ಬಂದವರಿಗೆ 'ತವರುಮನೆ', ತುಕ್ಕಾನಟ್ಟಿಯವರಿಗೆ 'ಗಂಡನಮನೆ'. ಆಯಾ ಮನೆಗೆ ಆಯಾ ಫೋಲ್ಡರಿನ ಸಿ.ಡಿ. ಕೊಡುವುದು ಯೋಜನೆ. ಆದರೆ ನಾನು ಸೋದರಮಾವನ ಮಗನನ್ನು ಮದುವೆಯಾದವಳು. ನನ್ನ ಅಣ್ಣನಿಗೆ ತಂದದ್ದು ನನ್ನ ಗಂಡನ ತಂಗಿಯನ್ನು. ಅತ್ತೆ ನನಗೆ ಅತ್ತೆ, ಅಣ್ಣನಿಗೂ ಅತ್ತೆ. ಅತ್ತಿಗೆ ಒಂದು ಕಡೆ ಸೊಸೆ, ಇನ್ನೊಂದು ಕಡೆ ಮಗಳು. ಯಾರ ಫೋಟೋ ತೆರೆದರೂ ಎರಡೂ ಮನೆಯವರೇ. ಒಂದರಲ್ಲಿ ಹಾಕಿದರೆ ಇನ್ನೊಂದು ಮನೆಯವರು ವರ್ಷಗಟ್ಟಲೆ ಮಾತು ಬಿಡುತ್ತಾರೆ. ಹಾಗಾಗಿ ಎಲ್ಲರನ್ನೂ ಎರಡರಲ್ಲೂ ಹಾಕಿದೆ. ಸರ್ಟಿಫಿಕೇಟಿನ ಫೋಟೋವನ್ನಂತೂ ಎರಡೂ ಕಡೆ ಮೊದಲ ಸ್ಥಾನದಲ್ಲಿಟ್ಟೆ.

ಕಚ್ಚಾ ಫೋಟೋಗಳ ತೂಕ ಬಹಳ. ಡಿಸ್ಕ್ ತುಂಬಿದೆ ಎಂದು ಕಂಪ್ಯೂಟರ್ ದೂರು ಹೇಳಿತು. ಒಂದೇ ಫೋಟೋ ಎರಡೆರಡು ಕಡೆ ಇದ್ದರೆ ಹುಡುಕಿ ಅಳಿಸುವ ಸೌಕರ್ಯ ಅದೇ ಸಾಫ್ಟ್‌ವೇರಿನಲ್ಲಿತ್ತು. ಹುಡುಕಿಸಿದೆ. ಅದು ಪ್ರತಿ ಜೋಡಿಯನ್ನೂ ಅಕ್ಕಪಕ್ಕ ನಿಲ್ಲಿಸಿ, ಯಾವುದು ಬೇಡ ಎಂದು ಕೇಳಿತು. ಒಂದೊಂದಾಗಿ ಗುರುತು ಹಾಕಲು ನನಗೆ ಬೇಸರ. ಜೋಡಿಗೊಂದನ್ನು ಉಳಿಸಿಕೊಳ್ಳುವಷ್ಟು ಬುದ್ಧಿ ಅದಕ್ಕೆ ಇದ್ದೇ ಇರುತ್ತದೆ ಎಂದುಕೊಂಡು 'ಎಲ್ಲವೂ' ಎಂಬುದನ್ನು ಒತ್ತಿದೆ. ಖಚಿತವೇ ಎಂದು ಕೇಳಿತು. ಬಿ.ಎ. ಆದವಳನ್ನು ಕೇಳುವ ಪ್ರಶ್ನೆಯೇ ಅದು!

ಅಷ್ಟಕ್ಕೇ ನಿಂತಿದ್ದರೂ ದಾರಿಯಿತ್ತು. ಅಳಿಸಿದ್ದೆಲ್ಲ ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಬಿದ್ದಿತ್ತು. ಆದರೆ ತುಂಬಿದ ಕಸದ ಬುಟ್ಟಿ ಕಂಡು ಸುಮ್ಮನೆ ಕೂರುವ ಹೆಣ್ಣು ನಮ್ಮ ಎರಡೂ ಮನೆಗಳಲ್ಲಿ ಹುಟ್ಟಿಲ್ಲ. ಚೆಲ್ಲಿಬಿಟ್ಟೆ.

ಆಮೇಲೆ ಫೋಲ್ಡರ್ ತೆರೆದೆ. ಜೋಡಿಯಿದ್ದದ್ದೆಲ್ಲ ಜೋಡಿಯಾಗಿಯೇ ಹೋಗಿತ್ತು. ಎರಡೂ ಮನೆಗೆ ಸೇರಿದವರು ಒಬ್ಬರೂ ಉಳಿದಿರಲಿಲ್ಲ. ಯಾವ ಮನೆಗೂ ಸೇರದವರು ಮಾತ್ರ ಕ್ಷೇಮವಾಗಿದ್ದರು: ಪೆಂಡಾಲಿನವನು, ಮೈಕಿನವನು, ಸಾಲಾಗಿ ಖಾಲಿ ಕುರ್ಚಿಗಳು, ಮತ್ತು ವೇದಿಕೆಯ ಕೆಳಗೆ ಮಲಗಿದ್ದ ಒಂದು ನಾಯಿ. ನಾಯಿ ಬಹಳ ಸ್ಪಷ್ಟವಾಗಿ ಬಂದಿತ್ತು.

ಸಂಕೇಶ್ವರಕ್ಕೆ ಫೋನು ಮಾಡಿದೆವು. ಆತ ಕ್ಯಾಮೆರಾದ ಕಾರ್ಡನ್ನು ಆಗಲೇ ಅಳಿಸಿ, ಹುಕ್ಕೇರಿಯ ಯಾವುದೋ ಮದುವೆಯನ್ನು ಅದರಲ್ಲಿ ತುಂಬಿಸಿದ್ದ.

ಗಂಡ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತಾಡಿ ಹಗುರಾಗುತ್ತಿದ್ದೆ. ಸಂಜೆ ಮಾವ ಹೊಲದಿಂದ ಬಂದು, ಕಾಲು ತೊಳೆದು, ಎಂದಿನಂತೆ ಫ್ರೇಮಿನ ಕೆಳಗೆ ಕುಳಿತು, ಪ್ರಿಂಟು ಬಂತೇ ಎಂದು ಕೇಳಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆಯೇ ಎಲ್ಲ ಹೇಳಿದರು. ಮಾವ ತಲೆಯೆತ್ತಿ ಖಾಲಿ ಗಾಜನ್ನು ನೋಡಿದರು.

"ನಾಯಿ ಉಳದೈತಿ ಅಂದ್ರಲ್ಲ," ಎಂದರು ಕೊನೆಗೆ. "ಅದೂ ಬಂದಿತ್ತು ನೋಡು. ನಾನಽ ಬರಲಿಲ್ಲ."

ನಾನು ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ. ನಗು ಬರುವ ಮಾತಿಗೆ ಯಾಕೆ ಅತ್ತೆನೋ ಗೊತ್ತಿಲ್ಲ.

ಮುಂದಿನ ರವಿವಾರ ಸಂಕೇಶ್ವರದ ಆ ಗೆಳೆಯ, ಪಾಪ, ತಾನೇ ಕ್ಯಾಮೆರಾ ಹಿಡಿದು ಬಂದ. ಈ ಸಲ ಕಚ್ಚಾ ಬೇಡ, ತಯಾರಾದ ಫೋಟೋವೇ ಬೀಳುವಂತೆ ಮಾಡಿಕೊಂಡಿದ್ದ. ಮಾವ ಟ್ರಂಕಿನಿಂದ ಆ ಇಸ್ತ್ರಿಯ ಧೋತರ ತೆಗೆಸಿದರು. ತಲೆಗೆ ಪಟಕಾ ಸುತ್ತಿಕೊಂಡರು. ನನ್ನ ಸರ್ಟಿಫಿಕೇಟನ್ನು ನನ್ನಿಂದಲೇ ಇಸಿದುಕೊಂಡು, ಅಂಗಳದಲ್ಲಿ ಮುಖ್ಯ ಅತಿಥಿಗಳ ಹಾಗೆ ನೆಟ್ಟಗೆ ನಿಂತರು. ನಾನು ಎದುರಿಗೆ ನಿಂತು ಎರಡೂ ಕೈ ಚಾಚಿದೆ. ಅವರು ಕಾಗದವನ್ನು ನನ್ನ ಕೈಗಿಟ್ಟರು. ತಮ್ಮ ತುದಿಯನ್ನು ಮಾತ್ರ ಬಿಡಲಿಲ್ಲ.

"ಆಗೂದಿಲ್ಲ ಅಂದಿದ್ದೆ. ಆತು. ತಗೋ," ಎಂದರು. ಕ್ಯಾಮೆರಾ ಸದ್ದು ಮಾಡಿತು. ಆಮೇಲೆ ಕೈಬಿಟ್ಟು, ತಗ್ಗಿದ ದನಿಯಲ್ಲಿ ಒಂದು ಮಾತು ಸೇರಿಸಿದರು:

"ಇದನ್ನರ ವಿಂಗಡಿಸಾಕ ಹೋಗಬ್ಯಾಡವ್ವಾ."