ಲೈಸೆನ್ಸ್ ಕೇಳುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನ ನಾಡಿ ಹಿಡಿಯಬೇಕೆಂದರೆ ಸರ್ಕಾರದ ಪರವಾನಗಿ ಬೇಕು! ನಗಬೇಡಿ, ನಿಜವೇ ಹೇಳುತ್ತಿದ್ದೇನೆ. ಕಂಪ್ಲಿಯ ತನ್ನ ಮನೆಗೆ ಬಳೆ ತೊಡಿಸಲು ಬಂದವನನ್ನೂ ಆಕೆ ಬಿಟ್ಟಿಲ್ಲ. "ಎಲ್ಲಿ ಕಲ್ತಿ? ಯಾರು ಕಲಿಸಿದ್ರು?" ವಿಚಾರಣೆ ಮುಗಿಯುವಷ್ಟರಲ್ಲಿ ಅವನು ಗಡಿಬಿಡಿಯಲ್ಲಿ ಅರ್ಧದಷ್ಟು ಬಳೆ ಒಡೆದುಹಾಕಿದ್ದ. ಇಂಜೆಕ್ಷನ್ ಹಿಡಿದು ಬಂದ ನರ್ಸಿಗೆ, "ಮೊದಲು ನಿನ್ನ ರಿಜಿಸ್ಟ್ರೇಷನ್ ನಂಬರ್ ಹೇಳವ್ವ" ಎಂದಳು. ಪಾಪ, ಆ ಹುಡುಗಿ ಗಾಬರಿಯಲ್ಲಿ ಮೊಬೈಲ್ ನಂಬರ್ ಹೇಳಿಬಿಟ್ಟಳು!

ಕೂತಲ್ಲಿ ಕೂರುವ ಜೀವವೂ ಅಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಎದ್ದುಹೋಗಿ ಡ್ರೈವರನ ಪಕ್ಕ ನಿಂತು, "ಲೈಸೆನ್ಸ್ ಮನ್ಯಾಗ ಬಿಟ್ಟು ಬಂದಿಲ್ಲಲ್ಲಪ್ಪಾ?" ಎನ್ನುತ್ತಾಳೆ. ಇಂಥವಳ ಜೊತೆ ಪ್ರಯಾಣ ಮಾಡುವ ಧೈರ್ಯ ಯಾರಿಗಿದೆ ಹೇಳಿ?

ಆಕೆಯ ವಿಚಾರಣೆಯ ನಡುವೆ ಸಿಕ್ಕಿಬೀಳುವ ಸರದಿ ನನಗೆ ಕಳೆದ ಬೇಸಿಗೆಯಲ್ಲಿ ಬಂತು. ಕುರೆಕುಪ್ಪದಿಂದ ಕಾರ್ಖಾನೆಗೆ ಬೈಕ್ ಓಡಿಸಿ ಓಡಿಸಿ ಕುತ್ತಿಗೆ ಹಿಡಿದುಕೊಂಡಿತ್ತು. ಯಾರಾದರೂ ಹಿಂದಿನಿಂದ ಕರೆದರೆ ಇಡೀ ದೇಹವೇ ತಿರುಗಬೇಕು! ಹೊಸಪೇಟೆಯ ಲಾಡ್ಜೊಂದರಲ್ಲಿ ಬೆನ್ನುಮೂಳೆ ತಜ್ಞ ಬಂದಿದ್ದಾನೆ, ಒಂದು 'ಲಟಕ್' ಅನ್ನಿಸಿದರೆ ನೋವು ಮಾಯ ಎಂದು ಗೆಳೆಯ ಹೇಳಿದ. ಅದನ್ನು ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳಿದ್ದೇ ತಪ್ಪಾಯಿತು. ನನಗಿಂತ ಮೊದಲೇ ಲಾಡ್ಜಿನ ಬಾಗಿಲಲ್ಲಿದ್ದಳು.

ಒಳಗೆ ಜನವೋ ಜನ. ಚಿಕ್ಕಮ್ಮ ಸರದಿಯ ಉದ್ದಕ್ಕೂ ಅತ್ತಿಂದಿತ್ತ ತಿರುಗಿದಳು. ನನ್ನ ಪಾಳಿ ಬಂತು. ಮಂಚದ ಮೇಲೆ ಮಲಗಿದೆ. ಆತ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ರಿಲ್ಯಾಕ್ಸ್ ಸರ್" ಎಂದ.

"ತಡಿಯಪ್ಪಾ! ನೀ ಡಾಕ್ಟರೇನು?" ಚಿಕ್ಕಮ್ಮ!

"ಕೈರೋಪ್ರಾಕ್ಟರ್ ರೀ ಅಮ್ಮಾ. ಔಷಧಿ ಇಲ್ಲ, ಆಪರೇಷನ್ ಇಲ್ಲ. ಬರೇ ಕೈಯಿಂದ ಮೂಳಿ ಸರಿ ಮಾಡ್ತೀವಿ."

"ಲೈಸೆನ್ಸ್?"

"ಫಾರಿನ್‌ನಾಗ ಇದಕ್ಕ ವರ್ಷಗಟ್ಲೆ ಕಾಲೇಜ್ ಐತ್ರಿ, ಪರೀಕ್ಷೆ ಐತ್ರಿ, ಕೌನ್ಸಿಲ್ ಐತ್ರಿ. ತಪ್ಪು ಮಾಡಿದ್ರ ಲೈಸೆನ್ಸೇ ಕಿತ್ಕೊಳ್ತಾರ್ರಿ!"

"ಭಾಳ ಚಲೋ ಆತು. ನಿನ್ನ ಹತ್ರ ಕಿತ್ಕೊಳ್ಳಾಕ ಏನೈತಿ?"

ಆತ ಗೋಡೆಗೆ ಚೌಕಟ್ಟು ಹಾಕಿ ತೂಗಿಸಿದ್ದ ಪ್ರಮಾಣಪತ್ರ ತೋರಿಸಿದ. ಚಿಕ್ಕಮ್ಮ ಕನ್ನಡಕ ಏರಿಸಿ ಓದಿದಳು. "ಮೂರು ದಿನದ ಶಿಬಿರ! ಜಾಕೀಟು ಹೊಲಿಯಾಕ ಇದಕ್ಕಿಂತ ಜಾಸ್ತಿ ಕಲೀಬೇಕಲ್ಲಪ್ಪಾ!" ಸರದಿಯಲ್ಲಿ ಯಾರೋ ಕಿಸಕ್ಕೆಂದರು. ಯಾರೋ ಮೆಲ್ಲಗೆ ಚಪ್ಪಲಿ ಹುಡುಕತೊಡಗಿದರು. ನನ್ನ ತಲೆ ಇನ್ನೂ ಆತನ ಕೈಯಲ್ಲೇ ಇತ್ತು.

"ಕೈ ತಗಿ" ಎಂದಳು ಚಿಕ್ಕಮ್ಮ. ಈ ಸಲ ಅದು ತಮಾಷೆಯ ದನಿಯಾಗಿರಲಿಲ್ಲ. ಆತ ಕೈ ತೆಗೆದ.

ರಸ್ತೆಗೆ ಬಂದದ್ದೇ ನಾನು ಸಿಡಿದೆ. "ಎಲ್ಲಾರ ಮುಂದ ನನ್ನ ಮಾನ ಕಳದಿ! ಏನು ಹುಚ್ಚು ನಿಂದು?"

ಆಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಳು. "ನಿಮ್ಮ ಚಿಕ್ಕಪ್ಪಗ ಲಕ್ವಾ ಹೊಡೀತಲ್ಲ..."

"ಬಿಪಿಯಿಂದ. ಗೊತ್ತು."

"ಬಿಪಿ ಅಂತ ಊರಿಗೆಲ್ಲ ಹೇಳಿದಾಕಿ ನಾನು. ಕುತ್ತಿಗಿ ನೋವು ಅಂದ್ರಂತ ಇಂಥಾವನೊಬ್ಬನ ಹತ್ರ ಕರ್ಕೊಂಡು ಹೋಗಿದ್ದೆ. ಲಟಕ್ ಅನಿಸಿದ. ಸಂಜಿಗೆ ಬಲಗೈ ಬಿದ್ದುಹೋತು. ಬ್ಯಾಡ ಅಂದ್ರಪಾ ಅವರು. 'ಅಲುಗಾಡಬ್ಯಾಡ್ರಿ' ಅಂತ ಭುಜ ಒತ್ತಿ ಹಿಡಿದಾಕಿ ನಾನೇ."

ನಾನು ಆಟೋ ಕರೆದೆ.

ಸರ್ಕಾರಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಎಕ್ಸ್‌ರೇ ತೆಗೆಸಿ, ಶಾಖ, ವ್ಯಾಯಾಮ ಹೇಳಿಕೊಟ್ಟರು. ಕುತ್ತಿಗೆ ನಿಧಾನವಾಗಿ ಸಡಿಲವಾಗತೊಡಗಿದ್ದು ಆಮೇಲಿನ ಮಾತು. ಅಂದು ಚಿಕ್ಕಮ್ಮನನ್ನು ಕಂಪ್ಲಿಗೆ ಬಿಡಲು ಹೋದಾಗ ಚಿಕ್ಕಪ್ಪ ಊಟಕ್ಕೆ ಕಾದಿದ್ದ. ಆಕೆ ಅನ್ನ ಕಲಸುತ್ತಿರುವಾಗ ನಾನು ತಡೆಯಲಾರದೆ ಲಾಡ್ಜಿನ ಕತೆ, ರಸ್ತೆಯ ಕತೆ ಎಲ್ಲವನ್ನೂ ಹೇಳಿಬಿಟ್ಟೆ. ಚಿಕ್ಕಮ್ಮ ತಲೆ ಎತ್ತಲಿಲ್ಲ.

ಚಿಕ್ಕಪ್ಪ ತೊದಲುತ್ತ, ಒಂದೊಂದೇ ಮಾತು ಜೋಡಿಸಿ ಹೇಳಿದ: "ಆಕಿ ಭುಜ ಹಿಡದಿದ್ಳಲ್ಲ... ಅದಕ್ಕ ನನಗ ಅವತ್ತು ಅಂಜಿಕಿ ಆಗಲಿಲ್ಲ."

"ಮಾತು ಸಾಕು, ಉಣ್ರಿ" ಎಂದು ಚಿಕ್ಕಮ್ಮ ತುತ್ತು ಇಟ್ಟಳು. ತುತ್ತು ಮುಗಿದ ಮೇಲೂ ಆಕೆಯ ಕೈ ಸ್ವಲ್ಪ ಹೊತ್ತು ಅವನ ಕೆನ್ನೆಯ ಮೇಲೇ ಇತ್ತು.