ಜೀಪಿಗೆ ಹಾಕಿದ ಟೋಪಿ

ಇಪ್ಪತ್ತು ವರ್ಷಗಳಿಂದ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ಅಂಗಡಿ ನಡೆಸುತ್ತಿರುವ ನನಗೆ ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಎಂದು ಯಾರೂ ಪಾಠ ಹೇಳಬೇಕಾಗಿಲ್ಲ. ಅಂಚಿಗೆ ಸೆರಗು ಹೊಂದಿಸಿದ್ದೇನೆ, ಸೆರಗಿಗೆ ರವಿಕೆ ಹೊಂದಿಸಿದ್ದೇನೆ, ಒಂದೇ ಸೀರೆಗೆ ಅತ್ತೆಯನ್ನೂ ಸೊಸೆಯನ್ನೂ ಒಪ್ಪಿಸಿದ್ದೇನೆ. ಅಂಥವನಿಗೆ ಜೀಪಿಗೊಂದು ಟಾಪ್ ಹೊಂದಿಸುವುದು ಯಾವ ಮಹಾ ಕೆಲಸ!

ಜೀಪು ಹಳೆಯದು. ಅದರ ತಲೆಯ ಮೇಲಿದ್ದದ್ದು ಟಾರ್ಪಾಲಿನ ಹುಡ್. ಬೇಕೆಂದಾಗ ಅದನ್ನು ಮಡಚಿಡಬಹುದು. ಮಡಚದಿದ್ದರೆ ಅದೇ ಹಾರಿಹೋಗುತ್ತದೆ. ಆದರೂ ತೆರೆದ ಜೀಪಿನಲ್ಲಿ ಗಾಳಿಗೆ ಎದೆಯೊಡ್ಡಿ ಹನೂರು ರಸ್ತೆಯಲ್ಲಿ ಹೋಗುವಾಗ ನಾನೊಬ್ಬ ಸಣ್ಣ ಪಾಳೇಗಾರನಂತೆ ಕಾಣುತ್ತೇನೆ ಎಂಬುದು ನನ್ನ ಸ್ವಂತ ಅಭಿಪ್ರಾಯ. ಈ ಅಭಿಪ್ರಾಯ ಬೇರೆ ಯಾರಿಗೂ ಇರಲಿಲ್ಲ.

ಎಲ್ಲ ಶುರುವಾದದ್ದು ನನ್ನ ಹೆಂಡತಿ ಮಂಗಳಳ ತಮ್ಮ ಮಾದೇಶನಿಂದ. ಯಳಂದೂರಿನಲ್ಲಿ ಅವನದೊಂದು ಹಿಟ್ಟಿನ ಗಿರಣಿ ಇದೆ. ಗಿರಣಿಯ ಸದ್ದಿನಲ್ಲಿ ಹೇಗೂ ಯಾರಿಗೂ ಕೇಳಿಸುವುದಿಲ್ಲವೆಂದು ಮಾತಾಡುವುದನ್ನೇ ಬಿಟ್ಟ ಮನುಷ್ಯ. ಹೆಣ್ಣು ನೋಡಲು ಹೋದಲ್ಲೆಲ್ಲ ಹುಡುಗಿ ಏನು ಕೇಳಿದರೂ 'ಹೂಂ' ಎನ್ನುತ್ತಿದ್ದ. ಒಂದು ಕಡೆ "ನನ್ನ ಕಂಡ್ರೆ ನಿಮ್ಗೆ ಬೇಜಾರಾ?" ಎಂದು ಕೇಳಿದ್ದಕ್ಕೂ 'ಹೂಂ' ಎಂದಿದ್ದ. ಹೀಗಾಗಿ ಮೂವತ್ತೈದಾದರೂ ಮದುವೆಯಾಗಿರಲಿಲ್ಲ. ಈಗ ಕೌದಳ್ಳಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿ ಪವಿತ್ರ, ಅಲ್ಲಿಯೇ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಇದೂ ತಪ್ಪಿದರೆ ಇನ್ನು ಹುಡುಕುವುದೇ ಇಲ್ಲವೆಂದು ನಮ್ಮತ್ತೆ ಘೋಷಿಸಿಬಿಟ್ಟಿದ್ದರು.

"ಸುಮ್ನೆ ಒಂದು ಕಾರು ಮಾಡ್ಕೊಂಡು ಓಗಾಣ ಕಣ್ರಿ," ಎಂದಳು ಮಂಗಳ.

"ಮನೆಯಲ್ಲಿ ಜೀಪಿಟ್ಟುಕೊಂಡು ಬಾಡಿಗೆ ಕಾರೇ? ಬೀಗರು ಏನಂದುಕೊಂಡಾರು?"

"ಓದ್ ಸಲ ನಿಮ್ಮ ಜೀಪಲ್ಲಿ ಓಗಿ ಇಳಿದಾಗ ಅವ್ವನ ಗುರ್ತೇ ಸಿಕ್ಕಲಿಲ್ಲ. ಕೆಮ್ಮಣ್ಣಲ್ಲಿ ಮಾಡಿದ ಗೌರಮ್ಮನಂಗಿದ್ಲು."

ಈ ಮಾತು ನನಗೆ ನಾಟಿತು. ಜೀಪಿಗೆ ಗಟ್ಟಿಯಾದ ಟಾಪ್ ಹಾಕಿಸಿಯೇ ತೀರುವೆನೆಂದು ಆ ಕ್ಷಣವೇ ಪ್ರತಿಜ್ಞೆ ಮಾಡಿದೆ.

ನಮ್ಮ ಪಕ್ಕದ ಹಾರ್ಡ್‌ವೇರ್ ಅಂಗಡಿಯ ಸಿದ್ದರಾಜು ನನ್ನ ಆಪ್ತಮಿತ್ರ. ಅವನಿಗೆ ಅಸಾಧ್ಯ ಎಂಬ ಪದವೇ ಗೊತ್ತಿಲ್ಲ. ಅವನ ಅಂಗಡಿಯಲ್ಲಿ ಮೊಳೆಗಳು ಇರುವವರೆಗೂ ಗೊತ್ತಾಗುವುದೂ ಇಲ್ಲ. ಯಳಂದೂರಿನಲ್ಲಿ ಒಬ್ಬರು ತಮ್ಮ ಜೀಪಿನಿಂದ ಬಿಚ್ಚಿಟ್ಟ ಫೈಬರ್ ಟಾಪನ್ನು ಮಾರುತ್ತಿದ್ದಾರೆಂಬ ಸುದ್ದಿ ತಂದವನೂ ಅವನೇ. ನಾನು ಕೂಡಲೇ ಜೀಪನ್ನು ನನ್ನ ಕೈಯಿಂದಲೇ ಅಳೆದೆ. ಸೀರೆ ಅಳೆದು ಪಳಗಿದ ಕೈ, ಟೇಪು ಯಾಕೆ ಬೇಕು? ಟಾಪ್ ಮಾರುವವರಿಗೆ ಫೋನಿನಲ್ಲಿ ಹೇಳಿದೆ:

"ನಮ್ಮ ಜೀಪು ಮುಂದಿನ ಗಾಜಿನಿಂದ ಹಿಂದಿನವರೆಗೆ ಸರಿಯಾಗಿ ಐದು ಮೊಳ ಬರುತ್ತದೆ."

"ಒಂದ್ನಿಮಿಷ ಇರಿ ಸಾ," ಎಂದು ಆತ ಹೋಗಿ ಅಳೆದು ಬಂದರು. "ನಮ್ಮ ಟಾಪೂ ಐದೇ ಮೊಳ. ದೇವರೇ ಜೋಡಿ ಮಾಡವ್ನೆ ಅನ್ನಿ!"

ನಾವು ಯಳಂದೂರಿಗೆ ಹೋದಾಗ ಆತ ಜಗಲಿಯ ಮೇಲೆ ಕುಳಿತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು. ನಿಲ್ಲುತ್ತಲೇ ಹೋದರು. ಅಷ್ಟು ಎತ್ತರದ ಆಸಾಮಿಯನ್ನು ನಾನು ಆ ತಾಲ್ಲೂಕಿನಲ್ಲೇ ಕಂಡಿರಲಿಲ್ಲ. ಅವರ ಕೈಗಳು ಮೊಣಕಾಲಿನ ಹತ್ತಿರ ತೂಗಾಡುತ್ತಿದ್ದವು. ಆ ಕೈಯ ಮೊಳಕ್ಕೂ ನನ್ನ ಕೈಯ ಮೊಳಕ್ಕೂ ವ್ಯತ್ಯಾಸವಿರಬಹುದೆಂದು ಆಗಲಾದರೂ ನನಗೆ ಹೊಳೆಯಬೇಕಿತ್ತು. ನನಗೆ ಹೊಳೆದದ್ದು, ಇವರಿಗೆ ಪಂಚೆ ಎಲ್ಲಿ ಸಿಗುತ್ತದೆ ಎಂಬುದು ಮಾತ್ರ!

ಟಾಪನ್ನು ಟೆಂಪೋದಲ್ಲಿ ತಂದು ನಮ್ಮ ಮನೆಯ ಮುಂದೆ ಇಳಿಸಿ, ನಾಲ್ಕು ಜನ ಹಿಡಿದು ಜೀಪಿನ ಮೇಲೆ ಕೂರಿಸಿದೆವು. ಮುಂದುಗಡೆ ಗಾಜಿನ ಚೌಕಟ್ಟಿಗೆ ಚೆನ್ನಾಗಿ ಕೂತಿತು. ಹಿಂದುಗಡೆ ಒಂದು ಗೇಣು ಹೊರಗೆ ಚಾಚಿಕೊಂಡಿತು.

"ಪರ್ವಾಗಿಲ್ಲ ಬುಡಿ ಸಾವ್ಕಾರ್ರೇ," ಎಂದ ಸಿದ್ದರಾಜು, "ಮಳೆ ಬಂದಾಗ ಯಾರಾರ ನಿಂತ್ಕತಾರೆ."

"ಟಾಪಿನ ಹಿಂಬಾಗಿಲು ಕೆಳಗಿನ ತಗಡಿಗೆ ತಾಗುತ್ತಲೇ ಇಲ್ಲವಲ್ಲೋ!"

"ಹಂಗಾರೆ ಕುಯ್ಯೋಣ."

ಹಿಂದೆ ಬಾಗಿಲಿರುವುದರಿಂದ ಮುಂದುಗಡೆಯಿಂದ ಕತ್ತರಿಸುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ನಾನು ಅಂಗಡಿಯಿಂದ ಸೀಮೆಸುಣ್ಣ ತಂದು ಒಂದು ಅಂದವಾದ ಗೆರೆ ಎಳೆದೆ. ಎಳೆದದ್ದನ್ನು ಮೆಚ್ಚಿಕೊಳ್ಳುತ್ತ ಅದಕ್ಕೆ ಒರಗಿ ನಿಂತೆ. ಗೆರೆ ನನ್ನ ಅಂಗಿಗೆ ಬಂತು. ಸಿದ್ದರಾಜು ಅಂದಾಜಿನ ಮೇಲೆ ಕತ್ತರಿಸಿದ. ಅವನ ಅಂದಾಜು ಯಾವಾಗಲೂ ಉದಾರವಾದದ್ದು. ಈಗ ಹಿಂದುಗಡೆ ಸರಿಹೋಯಿತು, ಮುಂದುಗಡೆ ಗಾಜಿಗೂ ಟಾಪಿಗೂ ನಡುವೆ ನಾಲ್ಕು ಬೆರಳಿನ ಸಂದು ಬಿತ್ತು.

ಟಾಪಿಗೆ ಸುತ್ತಲೂ ಬೋಲ್ಟು ಹಾಕಿ ಬಿಗಿದು, ಒಂದು ತಗಡಿನ ಪಟ್ಟಿಯಿಂದ ಸಂದು ಮುಚ್ಚಿದೆವು. ಜೀಪನ್ನು ಬೀದಿಯಲ್ಲಿ ಒಂದು ಸುತ್ತು ಓಡಿಸಿದಾಗ ಟಾಪ್ ಗಡಗಡನೆ ನಡುಗಿತು. ನಡುವೆ ಆಧಾರವಿಲ್ಲದ್ದರಿಂದ ಹೀಗಾಗುತ್ತದೆಂದು ನಾನೇ ಪತ್ತೆಹಚ್ಚಿದೆ. ಮುಂದಿನ ಸೀಟುಗಳ ಬೆನ್ನಿಗೆ ಎರಡು ಕಬ್ಬಿಣದ ಪೈಪು ನಿಲ್ಲಿಸಿ, ಅವಕ್ಕೆ ಅಡ್ಡಲಾಗಿ ಪ್ಲೈವುಡ್ ಹಲಗೆ ಬಿಗಿದು, ಟಾಪಿಗೆ ಊರುಗೋಲು ಕೊಟ್ಟೆವು. ಮೇಲ್ಗಡೆ ಗಾಳಿಯಾಡಲು ಒಂದು ಗೇಣು ಜಾಗ ಬಿಟ್ಟೆವು. ನಡುಕ ನಿಂತಿತು. ಮುಂದೆ ಕೂತವರು ಹಿಂದಕ್ಕೆ, ಹಿಂದೆ ಕೂತವರು ಮುಂದಕ್ಕೆ ದಾಟುವ ದಾರಿಯೂ ನಿಂತಿತು. ಅದನ್ನು ನಾವು ಗಮನಿಸಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಮಂಗಳ ಒಂದು ಬಕೆಟ್ ನೀರು ತಂದು ಟಾಪಿನ ಮೇಲೆ ಸುರಿದಳು. ಒಳಗೆ ಕುಳಿತಿದ್ದ ನಾನು ಪೂರ್ತಿ ಸ್ನಾನ ಮುಗಿಸಿ ಹೊರಬಂದೆ.

"ಇದ್ಕಿಂತ ಟಾರ್ಪಾಲೇ ವಾಸಿಯಾಗಿತ್ತಲ್ರೀ. ಅದು ಬರೀ ಧೂಳ್ ಬುಡ್ತಿತ್ತು!"

"ಸಿಲಿಕಾನ್ ಗಮ್ ಅದೆ," ಎಂದು ಸಿದ್ದರಾಜು ಅಂಗಡಿಗೆ ಓಡಿ ಒಂದು ಕಂತೆ ಟ್ಯೂಬು ತಂದ. ಇಬ್ಬರೂ ಸೇರಿ ಬಳಿದೆವು. ತಗಡಿನ ಸಂದಿಗೆ ಬಳಿದೆವು, ಕಿಟಕಿಗಳ ಸುತ್ತ ಬಳಿದೆವು, ಬೋಲ್ಟುಗಳ ತಲೆಗೆ ಬಳಿದೆವು, ಕೊನೆಗೆ ಹಿಂಬಾಗಿಲಿನ ಚೌಕಟ್ಟಿಗೆ ಹೋಳಿಗೆಗೆ ತುಪ್ಪ ಸವರಿದಂತೆ ಧಾರಾಳವಾಗಿ ಬಳಿದೆವು. ಬಾಗಿಲು ತೆರೆದಿಟ್ಟು ಒಂದು ದಿನ ಒಣಗಿಸಬೇಕೆಂದು ಟ್ಯೂಬಿನ ಮೇಲೆ ಬರೆದಿತ್ತು. ನಾನದನ್ನು ಓದಿದ್ದು ಎಲ್ಲ ಮುಗಿದ ಮೇಲೆ.

ಹಿಂದಿನ ದಿನವೇ ಯಳಂದೂರಿನಿಂದ ಬಂದಿದ್ದ ಅತ್ತೆ, ಮಾದೇಶ, ಜೊತೆಗೆ ಮಂಗಳ, ಮೂವರೂ ಹಿಂದೆ ಹತ್ತಿದರು. ಬಾಗಿಲನ್ನು ನಾನೇ ಒತ್ತಿ ಹಾಕಿದೆ. ಮುಂದೆ ನಾನು ಮತ್ತು ಸಿದ್ದರಾಜು. ಐದು ಜನ, ಶುಭಸಂಖ್ಯೆ! ಹನೂರು ದಾಟುವ ಹೊತ್ತಿಗೆ ಬಿಸಿಲು ಚುರುಕಾಯಿತು. ಒಂದು ಚಿಟಿಕೆ ಧೂಳೂ ಒಳಗೆ ಬರಲಿಲ್ಲ.

"ಹೇಗಿದೆ ಅತ್ತೆ?" ಎಂದು ಹೆಮ್ಮೆಯಿಂದ ಕೇಳಿದೆ.

ಹಲಗೆಯ ಮೇಲಿನ ಸಂದಿಯಿಂದ ಕ್ಷೀಣವಾದ ಧ್ವನಿ ಬಂತು: "ಚೆಂದಾಗದೆ ಅಳೀಂದ್ರೇ. ಇಡ್ಲಿ ಪಾತ್ರೆಲಿ ಕೂತಂಗದೆ. ಕಿಟ್ಕಿ ತೆಗೆಯಾದು ಎಂಗೆ?"

"ಹಿಡಿ ಹಿಡಿದು ಪಕ್ಕಕ್ಕೆ ಎಳೆಯಿರಿ."

"ಎಳೀತಾವನೆ ಮಾದೇಶ. ಬತ್ತಾಯಿಲ್ಲ."

ಹೊಸದು, ಬಿಗಿಯಾಗಿರುತ್ತದೆ ಎಂದು ಸಮಾಧಾನ ಹೇಳಿದೆ.

ಕೌದಳ್ಳಿಯಲ್ಲಿ ಹುಡುಗಿಯ ತಂದೆ ಪುಟ್ಟಮಾದಪ್ಪನವರು ನೆಂಟರಿಷ್ಟರೊಡನೆ ಮನೆಯ ಮುಂದೆ ಕಾಯುತ್ತಿದ್ದರು. ನಾನು ಗಂಭೀರವಾಗಿ ಇಳಿದು, ಅಂಗಿ ಸರಿಮಾಡಿಕೊಂಡು, ಗಂಡನ್ನು ಲೋಕಾರ್ಪಣೆ ಮಾಡುವ ಠೀವಿಯಲ್ಲಿ ಹಿಂಬಾಗಿಲಿನ ಹಿಡಿ ಎಳೆದೆ. ಬಾಗಿಲು ಬರಲಿಲ್ಲ. ಕಾಲು ಕೊಟ್ಟು ಎಳೆದೆ. ಹಿಡಿ ಬಂತು!

ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಪುಟ್ಟಮಾದಪ್ಪನವರಿಗೆ ನಮಸ್ಕಾರ ಮಾಡಿದೆ.

"ಬನ್ನಿ ಬನ್ನಿ, ಒಳಿಕ್ ಬನ್ನಿ. ಎಲ್ಲಿ, ಗಂಡು ಬಂದಿಲ್ವಾ?"

"ಬಂದಿದ್ದಾರೆ. ಇಳಿಯುವುದು ಸ್ವಲ್ಪ ತಡವಾಗುತ್ತದೆ."

ಗಾಜಿನ ಹಿಂದೆ ಮೂರು ಮುಖಗಳು ಬೆವರು ಸುರಿಸುತ್ತ ನಮ್ಮನ್ನೇ ನೋಡುತ್ತಿದ್ದವು. ಮಂಗಳ ಏನೋ ಹೇಳುತ್ತಿದ್ದಳು. ಗಾಜು ಮುಚ್ಚಿದ್ದರಿಂದ ಕೇಳಿಸಲಿಲ್ಲ. ಆ ಟಾಪಿನಿಂದ ನನಗಾದ ಏಕೈಕ ಉಪಕಾರ ಅದು.

ಊರಿಗೆ ಊರೇ ಸೇರಿತು. ಒಬ್ಬರು ಚಾಕು ತಂದು ಬಾಗಿಲಿನ ಸಂದಿಗೆ ಹಾಕಿದರು. ಅಂಟು ಒಳಗಿನವರೆಗೂ ಹೋಗಿ ಕಲ್ಲಾಗಿತ್ತು, ಚಾಕು ಮುರಿಯಿತು. ಇನ್ನೊಬ್ಬರು ಕಲ್ಲು ಎತ್ತಿಕೊಂಡು ಗಾಜು ಒಡೆಯೋಣ ಎಂದರು. ಒಳಗಿನಿಂದ ಅತ್ತೆ ಎರಡೂ ಕೈ ಆಡಿಸಿ ಬೇಡವೆಂದರು. ನಡುವಿನ ಹಲಗೆ ಕಿತ್ತರೆ ಟಾಪು ಅತ್ತೆಯ ತಲೆಯ ಮೇಲೆಯೇ ಕೂರುತ್ತದೆಂದು ಸಿದ್ದರಾಜು ಎಚ್ಚರಿಸಿದ. ಕೊನೆಗೆ ಬೋಲ್ಟು ಬಿಚ್ಚಿ ಇಡೀ ಟಾಪನ್ನೇ ಮೇಲೆತ್ತುವುದೆಂದು ಪುಟ್ಟಮಾದಪ್ಪನವರೇ ತೀರ್ಪು ಕೊಟ್ಟರು. ಬೋಲ್ಟುಗಳ ಮೇಲಿನ ಅಂಟನ್ನು ನಾನೂ ಸಿದ್ದರಾಜುವೂ ಕೂತು ಕೆರೆಯತೊಡಗಿದೆವು.

"ಅಷ್ಟು ಗಮ್ ಯಾಕೋ ಬಳಿದೆ?" ಎಂದೆ ಪಿಸುಮಾತಿನಲ್ಲಿ.

"ನೀವೇ ಅಲ್ವಾ ಸಾವ್ಕಾರ್ರೇ, 'ಇನ್ನೊಸಿ ಬಳಿ, ಇನ್ನೊಸಿ ಬಳಿ' ಅಂದೋರು!"

ಅತಿಥಿಗಳನ್ನು ಹಸಿವಿನಲ್ಲಿ ಕೂರಿಸುವುದು ಆ ಮನೆಯ ಪದ್ಧತಿಯಲ್ಲ. ಮುಂದಿನ ಬಾಗಿಲಿನಿಂದ ಒಬ್ಬರು ಹತ್ತಿ, ಹಲಗೆಯ ಮೇಲಿನ ಸಂದಿಯಿಂದ ಉಪ್ಪಿಟ್ಟಿನ ತಟ್ಟೆ, ಬಾಳೆಹಣ್ಣು, ನೀರಿನ ಚೊಂಬು ಎಲ್ಲವನ್ನೂ ಒಳಗೆ ದಾಟಿಸಿದರು. ಸುತ್ತ ನಿಂತವರು ಗಾಜಿನೊಳಗೆ ಇಣುಕಿ, "ತಿಂತಾವ್ರೆ, ತಿಂತಾವ್ರೆ!" ಎಂದು ಹಿಂದಿನವರಿಗೆ ವರದಿ ಒಪ್ಪಿಸಿದರು. ನಾಚಿಕೆಯಿಂದ ನಾನು ಜೀಪಿನ ಕೆಳಗೆ ತೂರಿಕೊಂಡೆ. ಅಲ್ಲಿ ಬಿಚ್ಚಲು ಯಾವ ಬೋಲ್ಟೂ ಇರಲಿಲ್ಲ.

ಅಷ್ಟರಲ್ಲಿ ಪವಿತ್ರ ಹೊರಗೆ ಬಂದಳು. ಜೀಪನ್ನು ಒಮ್ಮೆ ಸುತ್ತಿದಳು. ಮಾದೇಶನ ಕಿಟಕಿಯ ಎದುರು ನಿಂತು ಏನೋ ಕೇಳಿದಳು. ಅವನು ಕಿವಿ ತೋರಿಸಿ ತಲೆಯಾಡಿಸಿದ. ಅವಳು ಮೊಬೈಲು ತೆಗೆದು, ತಂದೆಯಿಂದ ನಂಬರು ಕೇಳಿ ಪಡೆದು ಅವನಿಗೇ ಫೋನು ಮಾಡಿದಳು! ಗಾಜಿನ ಆಚೆ ಅವನು, ಈಚೆ ಅವಳು. ನಾನು ಚಕ್ರದ ಪಕ್ಕದಲ್ಲಿ ಮಲಗಿದ್ದರಿಂದ ಅವಳ ಮಾತು ಮಾತ್ರ ಕೇಳುತ್ತಿತ್ತು.

"ಸೆಕೆ ಆಯ್ತಾ ಅದಾ? ... ಉಪ್ಪಿಟ್ಟು ನಾನೇ ಮಾಡಿದ್ದು, ಎಂಗಿತ್ತು? ... ಬರೀ ಹೂಂ ಅಂದ್ರೆ ನಂಗೇನ್ ಗೊತ್ತಾಯ್ತದೆ? ... ಉಪ್ಪು ಜಾಸ್ತಿನಾ? ಓ, ಇಷ್ಟ್ ಸೆಕೇಲೂ ನಾಲ್ಗೆ ಚುರ್ಕಾಗದೆ!"

ಮಾದೇಶ ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಿದ್ದ! ಎದ್ದುಹೋಗಲು ದಾರಿಯಿಲ್ಲ, ಪಕ್ಕದಲ್ಲಿ ಅಮ್ಮ, ಎದುರಿಗೆ ಅಕ್ಕ, ಬೆವರು ಒರೆಸಿಕೊಳ್ಳಲು ಪುರುಸೊತ್ತಿಲ್ಲ. ಆ ಪರಿಸ್ಥಿತಿಯಲ್ಲಿ ಎಂಥವನಿಗೂ ಮಾತು ಬಂದೀತು. ನಾನು ಬೋಲ್ಟು ಬಿಚ್ಚುವುದನ್ನು ಕೊಂಚ ನಿಧಾನ ಮಾಡಲು ಸಿದ್ದರಾಜುವಿಗೆ ಸನ್ನೆ ಮಾಡಿದೆ. ಹಾಗೆ ಸನ್ನೆ ಮಾಡುವ ಅಗತ್ಯವೇ ಇರಲಿಲ್ಲ. ನಮ್ಮ ಕೆಲಸ ಅದಾಗಲೇ ಸಾಕಷ್ಟು ನಿಧಾನವಾಗಿತ್ತು.

ಕೊನೆಯ ಬೋಲ್ಟೂ ಬಂತು. ಸುತ್ತ ನಿಂತಿದ್ದವರೆಲ್ಲ ಕೈಹಾಕಿ "ಐಸಾ!" ಎಂದು ಟಾಪನ್ನು ಎತ್ತಿದರು. ಒಳಗಿನಿಂದ ಬಿಸಿಗಾಳಿ ಹೊರನುಗ್ಗಿತು. ಅತ್ತೆ ತೋಯ್ದು ಮುದ್ದೆಯಾಗಿ, ಆದರೂ ತಲೆಯ ಮೇಲಿನ ಸೆರಗು ಜಾರಿಸದೆ, ಬಾಳೆಹಣ್ಣಿನ ಸಿಪ್ಪೆ ಹಿಡಿದು ಕುಳಿತಿದ್ದರು. ಜನ ಚಪ್ಪಾಳೆ ತಟ್ಟಿದರು. ಮಂಗಳ ಎದ್ದು ನಿಂತು ನನ್ನ ಕಡೆ ನೋಡಿದಳು. ಟಾಪನ್ನು ಇನ್ನು ಸ್ವಲ್ಪ ಹೊತ್ತು ಇಟ್ಟಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಪುಟ್ಟಮಾದಪ್ಪನವರು ಮಗಳ ಕಡೆ ತಿರುಗಿ ಮೆಲ್ಲಗೆ, "ಏನವ್ವಾ, ಏನ್ ಹೇಳಿ ಕಳಿಸಾಣ?" ಎಂದರು. ಈ ಸಂಬಂಧ ತಪ್ಪಿದರೆ ಅದರ ಅಪರಾಧಿ ನಾನೊಬ್ಬನೇ.

"ನಂಗೊಪ್ಗೆ ಕಣಪ್ಪ," ಎಂದಳು ಪವಿತ್ರ. "ಇಷ್ಟೊತ್ತು ಬೆಂದೋದ್ರೂ ಅವ್ರ ಭಾವನ್ನ ಒಂದು ಮಾತು ಬಯ್ಯಲಿಲ್ಲ. ಇಂಥೋರು ಸಿಕ್ಕಾಕಿಲ್ಲ."

ಎಲ್ಲರೂ ಮಾದೇಶನ ಕಡೆ ನೋಡಿದರು. ಈಗಷ್ಟೇ ಮಾತು ಕಲಿತವನಲ್ಲವೇ, ಸುಮ್ಮನಿರಲಿಲ್ಲ.

"ಬಯ್ಯಾನ ಅಂತ್ಲೇ ಬಾಗ್ಲು ತೆಗೆಯಾದ್ ಕಾಯ್ತಿದ್ದೆ," ಎಂದ.

ಪವಿತ್ರ ನಕ್ಕ ನಗು ಬೀದಿಯ ಕೊನೆಯವರೆಗೂ ಕೇಳಿಸಿತು. ಮದುವೆ ಅಲ್ಲೇ ಗಟ್ಟಿಯಾಯಿತು. ಟಾಪು ಮಾತ್ರ ಮತ್ತೆ ಗಟ್ಟಿಯಾಗಿ ಕೂರಲಿಲ್ಲ. ಅದನ್ನು ಅಲ್ಲಿಯೇ ಬಿಟ್ಟು ಹೊರಟೆವು. ಬಂಡಳ್ಳಿಯ ಕಡೆಯಿಂದ ಎದ್ದ ಮೋಡ ಹನೂರಿನಲ್ಲಿ ನಮ್ಮನ್ನು ಹಿಡಿಯಿತು. ಕೊಳ್ಳೇಗಾಲದವರೆಗೂ ಐದು ಜನ, ಶುಭಸಂಖ್ಯೆ, ನೆನೆಯುತ್ತ ಬಂದೆವು. "ತಣ್ಣಗದೆ ಅಳೀಂದ್ರೇ," ಎಂದು ಅತ್ತೆ ದಾರಿಯುದ್ದಕ್ಕೂ ಸಂತೋಷಪಟ್ಟರು. ಮಂಗಳ ಮಾತ್ರ ಮಾತಾಡಲಿಲ್ಲ. ಮನೆ ತಲುಪಿದ ಮೇಲೆ ಮಾತಾಡಿದಳು, ಬಹಳ ಹೊತ್ತು.

ಟಾಪಿನೊಳಗೆ ಪುಟ್ಟಮಾದಪ್ಪನವರು ಈಗ ನಾಟಿಕೋಳಿ ಸಾಕಿದ್ದಾರೆ. ಒಂದು ರಾತ್ರಿ ಕಾಡಿನಿಂದ ಚಿರತೆ ಬಂದು ಬಾಗಿಲಿನ ಹತ್ತಿರ ಪರಚಿ, ಬೇಸತ್ತು ಹೋಯಿತಂತೆ. ನನ್ನ ಕೈಕೆಲಸವನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿ ಗೌರವಿಸಿದ ಪ್ರಾಣಿ ಅದೊಂದೇ.

ಮದುವೆಗೆ ಎಲ್ಲರೂ ಒಂದು ಬಸ್ಸು ಮಾಡಿಕೊಂಡು ಹೋದೆವು. ದಾರಿಯಲ್ಲಿ ಒಬ್ಬ ಅಜ್ಜಿ ಕಿಟಕಿ ತೆಗೆಯಲು ಬಾರದೆ ಒದ್ದಾಡುತ್ತಿದ್ದರು. ಪಾಪವೆನ್ನಿಸಿ, "ಇರಿ ಅಜ್ಜಿ, ನಾನು ನೋಡ್ತೀನಿ," ಎಂದು ಎದ್ದೆ. ಅಷ್ಟೇ! ಡ್ರೈವರ್ ಬ್ರೇಕು ಹಾಕಿದ. ಬಸ್ಸಿಗೆ ಬಸ್ಸೇ ಒಂದೇ ಉಸಿರಿನಲ್ಲಿ "ಬ್ಯಾಡ!" ಎಂದು ಕೂಗಿತು.

ಎಲ್ಲರಿಗಿಂತ ಜೋರಾಗಿ ಕೂಗಿದವನು ಸಿದ್ದರಾಜು.